ಒಂಬತ್ತು ಜನರ ಪೋಕರ್ ಟೇಬಲ್: ನಾಲ್ಕನೇ ಸ್ಥಾನದಲ್ಲೇ ಔಟ್ ಆಗೋದು ಯಾಕೆ?

ಪಿಬಿ_ರಸ್ತೆ (ದಾವಣಗೆರೆ):

ನಮ್ಮ ಭಾನುವಾರ ರಾತ್ರಿಯ ಟೇಬಲ್‌ಗೆ ಹೊಸಬರು ಬರ್ತಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಚೆನ್ನಾಗೇ ಆಡ್ಕೊಂಡು ಬಂದು ಕೊನೆಗೆ ನಾಲ್ಕನೇ ಸ್ಥಾನದಲ್ಲಿ ಔಟ್ ಆಗ್ತೀನಲ್ಲ, ಏನು ಮಾಡ್ಲಿ?" ಒಬ್ಬೊಬ್ಬರಿಗೇ ವಾಟ್ಸಾಪ್‌ನಲ್ಲಿ ಹೇಳೋದಕ್ಕಿಂತ ಇಲ್ಲಿ ಬರೆದರೆ ಎಲ್ಲರಿಗೂ ಸಿಗುತ್ತೆ ಅಂತ ಬರೀತಿದೀನಿ. ಬೇರೆ ಅಭಿಪ್ರಾಯ ಇದ್ದವರು ದಯವಿಟ್ಟು ಹೇಳಿ.

ಆಟ ನೋ ಲಿಮಿಟ್ ಹೋಲ್ಡೆಮ್: ಕೈಲಿ ಎರಡು ಎಲೆ, ಟೇಬಲ್ ಮೇಲೆ (ಬೋರ್ಡ್) ಎಲ್ಲರಿಗೂ ಸೇರಿದ ಐದು ಎಲೆ, ಬೆಟ್ಟಿಗೆ ಮಿತಿ ಇಲ್ಲ. ಪುಕ್ಕಟೆ ಚಿಪ್ಸ್, ಖಾಸಗಿ ಟೇಬಲ್, ಒಂಬತ್ತು ಸೀಟು. ತಲಾ 1500 ಚಿಪ್ಸ್, ಬ್ಲೈಂಡ್ಸ್ (ಎಲೆ ನೋಡೋ ಮುಂಚೆ ಇಬ್ಬರು ಸರದಿಯಂತೆ ಇಡಲೇಬೇಕಾದ ಸಣ್ಣ ಮತ್ತು ದೊಡ್ಡ ಬೆಟ್) 10/20ರಿಂದ ಶುರು. ಗೆದ್ದವರಿಗೆ 50 ಪಾಯಿಂಟು, ಎರಡನೆಯವರಿಗೆ 30, ಮೂರನೆಯವರಿಗೆ 20, ಉಳಿದ ಆರು ಜನಕ್ಕೆ ಸೊನ್ನೆ. ದುಡ್ಡಿನ ಮಾತೇ ಇಲ್ಲ.

ಶುರುವಿನಲ್ಲಿ ಮಾಡಬೇಕಾದ್ದು ಬಹಳ ಕಮ್ಮಿ. 10/20ಕ್ಕೆ 1500 ಅಂದ್ರೆ 75 ದೊಡ್ಡ ಬ್ಲೈಂಡ್ ನಿಮ್ಮ ಹತ್ರ ಇದೆ. ಏನೂ ಆಡದೆ ಕೂತರೂ ಒಂದು ಸುತ್ತಿಗೆ ಹೋಗೋದು 30 ಚಿಪ್ಸ್ ಅಷ್ಟೆ. ಮೊದಲು ಆಡಬೇಕಾದ ಸೀಟುಗಳಲ್ಲಿದ್ದಾಗ ದೊಡ್ಡ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ ಬಿಟ್ಟು ಬೇರೆ ಎಲೆ ಆಡಬೇಡಿ. ಡೀಲರ್ ಬಟನ್ (ಎಲೆ ಹಂಚೋನ ಸೀಟಿನ ಗುರುತು, ಪ್ರತಿ ಸಲ ಒಂದು ಸೀಟು ಸರಿಯುತ್ತೆ) ಹತ್ರ ಬಂದಾಗ ಸ್ವಲ್ಪ ಸಡಿಲ ಬಿಡಿ, ಯಾಕಂದ್ರೆ ಎಲ್ಲರ ನಡೆ ನೋಡಿ ಕೊನೆಗೆ ಆಡೋ ಅನುಕೂಲ ಅಲ್ಲಿ ಸಿಗುತ್ತೆ. ಯಾರೋ ಒಬ್ಬರು ಮೊದಲ ಐದು ನಿಮಿಷದಲ್ಲೇ ದುಪ್ಪಟ್ಟು ಮಾಡ್ಕೊಂಡ್ರು ಅಂತ ನೀವು ಆತುರ ಪಡಬೇಡಿ. ಆ ಚಿಪ್ಸ್ ಇನ್ನೂ ಟೇಬಲ್ ಮೇಲೇ ಇರುತ್ತೆ.

ಸಣ್ಣ ಜೋಡಿ ಬಂದ್ರೆ? ಎರಡು ಏಳು, ಎರಡು ಐದು, ಈ ಥರ. ಅಗ್ಗವಾಗಿ ಫ್ಲಾಪ್ (ಬೋರ್ಡ್ ಮೇಲೆ ಬಿಚ್ಚೋ ಮೊದಲ ಮೂರು ಎಲೆ) ನೋಡೋಕೆ ಸಿಕ್ಕರೆ ನೋಡಿ. ಮೂರನೇ ಏಳು ಫ್ಲಾಪ್‌ನಲ್ಲಿ ಬೀಳೋ ಸಾಧ್ಯತೆ ಸುಮಾರು 12 ಶೇಕಡಾ, ಅಂದ್ರೆ ಎಂಟೂವರೆ ಸಲಕ್ಕೆ ಒಂದು ಸಲ. ಬಿದ್ದಾಗ ಎದುರಿನವನ ಹತ್ರ ಕೀಳೋಕೆ ಸಾಕಷ್ಟು ಚಿಪ್ಸ್ ಇರಬೇಕು, ನೀವು ಕೊಟ್ಟದ್ದರ ಹದಿನೈದು-ಇಪ್ಪತ್ತು ಪಟ್ಟಾದ್ರೂ. ಬೀಳಲಿಲ್ಲ ಅಂದ್ರೆ ಮರುಮಾತಿಲ್ಲದೆ ಎಲೆ ಇಡಿ.

ಈಗ ಮುಖ್ಯ ವಿಷಯ. ಇಂಥ ಸಣ್ಣ ಟೂರ್ನಮೆಂಟ್‌ನಲ್ಲಿ ಗೆದ್ದ ಚಿಪ್ಸಿಗಿಂತ ಕಳ್ಕೊಂಡ ಚಿಪ್ಸಿಗೆ ಬೆಲೆ ಜಾಸ್ತಿ. ಈ ಒಂದು ಮಾತು ತಲೇಲಿ ಕೂತರೆ ನಾಲ್ಕನೇ ಸ್ಥಾನದ ಕಾಟ ಅರ್ಧ ಕಮ್ಮಿ ಆಗುತ್ತೆ.

ಎಂಸಿಸಿ_ಬ್ಲಾಕ್ (ದಾವಣಗೆರೆ):

ಅಣ್ಣಾ, ನಾನು ಈಗಷ್ಟೇ ಕಲೀತಿರೋನು. ಒಂದು ಡೌಟು. ನಾಲ್ಕು ಆಟೀನು ಬಂದು ಐದನೇದಕ್ಕೆ ಕಾಯ್ತಾ ಇರ್ತೀನಿ, ಎದುರಿನವರು ಬೆಟ್ ಹಾಕ್ತಾರೆ. ಕೊಟ್ಟು ನೋಡ್ಬೇಕಾ, ಬಿಡ್ಬೇಕಾ? ನಮ್ಮ ರೂಮಲ್ಲಿ ಎಲ್ಲರೂ "ಫ್ಲಶ್ (ಐದೂ ಒಂದೇ ಬಣ್ಣದ ಎಲೆ) ಬಿಡಬಾರದು" ಅಂತಾರೆ.

ಪಿಬಿ_ರಸ್ತೆ:

ತಮ್ಮಾ, ಬಿಡಬೇಕೋ ಬೇಡವೋ ಅನ್ನೋದು ಅವರು ಹಾಕಿದ ಬೆಟ್ ಮೇಲಿದೆ. ಒಂದೇ ಎಲೆ ಬಾಕಿ ಇದೆ ಅನ್ಕೋ. ನಿನಗೆ ಕಾಣೋದು ಆರು ಎಲೆ (ಕೈಲಿ ಎರಡು, ಬೋರ್ಡ್ ಮೇಲೆ ನಾಲ್ಕು), ಕಾಣದ್ದು 46. ಅದರಲ್ಲಿ ಆಟೀನು 9. ಬೀಳೋ ಸಾಧ್ಯತೆ 20 ಶೇಕಡಾಕ್ಕೆ ಒಂಚೂರು ಕಮ್ಮಿ.

ಪಾಟ್‌ನಲ್ಲಿ (ಎಲ್ಲರೂ ಹಾಕಿದ ಚಿಪ್ಸ್ ಸೇರಿದ ರಾಶಿ) 300 ಇದೆ, ಎದುರಿನವರು 150 ಹಾಕಿದ್ರು. ನೀನು 150 ಹಾಕಿದರೆ ಒಟ್ಟು 600. ನಿನ್ನ ಪಾಲು ಕಾಲು ಭಾಗ, ಅಂದ್ರೆ 25 ಶೇಕಡಾ ಗೆಲ್ಲೋ ಸಾಧ್ಯತೆ ಬೇಕು. ನಿನಗಿರೋದು 20. ಅವರ ಹತ್ರ ಇನ್ನೂ ದೊಡ್ಡ ರಾಶಿ ಇದ್ದು, ಫ್ಲಶ್ ಬಿದ್ದ ಮೇಲೂ ಕೊಡ್ತಾರೆ ಅನ್ನೋ ನಂಬಿಕೆ ಇದ್ರೆ ಮಾತ್ರ ನೋಡು. ಇಲ್ಲಾಂದ್ರೆ ಬಿಡು. ಅದೇ ಪಾಟ್‌ಗೆ ಅವರು 75 ಮಾತ್ರ ಹಾಕಿದ್ರು ಅಂದ್ರೆ ಒಟ್ಟು 450, ನಿನ್ನದು 75, ಬೇಕಾಗಿರೋದು 17 ಶೇಕಡಾ. ಕಣ್ಮುಚ್ಚಿ ನೋಡು.

ಬಾಯಿಲೆಕ್ಕ ಬೇಕು ಅಂದ್ರೆ: ಬೇಕಾದ ಎಲೆಗಳನ್ನ ಎಣಿಸಿ, ಒಂದು ಎಲೆ ಬಾಕಿ ಇದ್ರೆ ಎರಡರಿಂದ ಗುಣಿಸು, ಸುಮಾರು ಶೇಕಡಾ ಸಿಗುತ್ತೆ. ಎರಡು ಎಲೆ ಬಾಕಿ ಇದ್ದು, ಆಲ್ ಇನ್ ಆಗಿ (ಇದ್ದ ಚಿಪ್ಸೆಲ್ಲ ಹಾಕಿ) ಎರಡನ್ನೂ ನೋಡೋದು ಖಾತ್ರಿ ಇದ್ರೆ ಮಾತ್ರ ನಾಲ್ಕರಿಂದ ಗುಣಿಸು.

ಕೋಟೆ_ಹಿಂದ್ಗಡೆ (ಚಿತ್ರದುರ್ಗ):

ಗುರುವೇ, ಶುರುವಿನ ಆಟದ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ "ಕಳ್ಕೊಂಡ ಚಿಪ್ಸಿಗೆ ಬೆಲೆ ಜಾಸ್ತಿ" ಅನ್ನೋದನ್ನ ನಾನು ಒಪ್ಪಲ್ಲ. ಚಿಪ್ಸ್ ಅಂದ್ರೆ ಚಿಪ್ಸ್. ಹೆದರ್ಕೊಂಡು ಕೂತೋನು ಮೂರನೇ ಸ್ಥಾನಕ್ಕೇ ತೃಪ್ತಿ ಪಡಬೇಕು.

ಹೋದ ವಾರದ ಎಲೆ ಹೇಳ್ತೀನಿ, ನೀವೇ ತೀರ್ಮಾನ ಮಾಡಿ. ನಾಲ್ಕು ಜನ ಉಳಿದಿದ್ವಿ, ಎಲ್ಲರ ಹತ್ರಾನೂ ಹೆಚ್ಚುಕಮ್ಮಿ 3375. ಬ್ಲೈಂಡ್ಸ್ 100/200. ನಾನು ದೊಡ್ಡ ಬ್ಲೈಂಡ್. ಮೊದಲಿಬ್ಬರು ಬಿಟ್ರು, ಸಣ್ಣ ಬ್ಲೈಂಡ್‌ನವನು ಪೂರ್ತಿ ತಳ್ಳಿದ, ಅಂದ್ರೆ ಆಲ್ ಇನ್. ನನ್ನ ಕೈಲಿ ಎಕ್ಕ-ರಾಣಿ, ಬೇರೆ ಬೇರೆ ಬಣ್ಣ (ಆಟೀನು, ಡೈಮಂಡ್ ಥರ). ಕಾಲ್ ಮಾಡಿದೆ, ಅಂದ್ರೆ ಅವನಷ್ಟೇ ಚಿಪ್ಸ್ ಹಾಕಿದೆ. ಅವನು ತೋರಿಸಿದ್ದು ಡೈಮಂಡ್ ಒಂಬತ್ತು-ಎಂಟು. ಬೋರ್ಡ್‌ನಲ್ಲಿ ಎಂಟು ಬಿತ್ತು, ನಾನು ಹೊರಗೆ. ಎಲೆ ಬಿಚ್ಚಿದಾಗ ಗೆಲ್ಲೋ ಸಾಧ್ಯತೆ ನನ್ನ ಕಡೆನೇ ಜಾಸ್ತಿ ಇತ್ತು. ಇದ್ರಲ್ಲಿ ತಪ್ಪೇನೈತೆ?

ಲೆಕ್ಕದ_ಮೇಡಂ (ದಾವಣಗೆರೆ):

ಈ ಎಲೆ ತುಂಬ ಒಳ್ಳೆ ಉದಾಹರಣೆ, ಪೂರ್ತಿ ಲೆಕ್ಕ ಹಾಕೋಣ. ಪೋಕರ್‌ನವರು ಇದಕ್ಕೆ ಐಸಿಎಂ ಅಂತಾರೆ, ಇಂಡಿಪೆಂಡೆಂಟ್ ಚಿಪ್ ಮಾಡೆಲ್. ಕೈಲಿರೋ ಚಿಪ್ಸನ್ನ ಪಾಯಿಂಟಿಗೆ ಪರಿವರ್ತಿಸೋ ವಿಧಾನ.

ಟೇಬಲ್ ಮೇಲಿರೋ ಒಟ್ಟು ಚಿಪ್ಸ್ 13,500. ನಾಲ್ಕು ಜನರದ್ದೂ ಸಮ ಇದ್ದಾಗ ನೂರು ಪಾಯಿಂಟಲ್ಲಿ ಒಬ್ಬೊಬ್ಬರ ಪಾಲು 25.

ಈಗ ನೀವು ಒಬ್ಬರನ್ನ ಹೊರಗೆ ಹಾಕಿ 6750 ಮಾಡ್ಕೊಂಡ್ರಿ, ಉಳಿದಿಬ್ಬರ ಹತ್ರ ತಲಾ 3375. ಚಿಪ್ಸ್ ಸರಿಯಾಗಿ ದುಪ್ಪಟ್ಟು. ಪಾಯಿಂಟು? ಮೊದಲನೇ ಸ್ಥಾನ ಬರೋ ಸಾಧ್ಯತೆ ಅರ್ಧ. ಎರಡನೇ ಸ್ಥಾನಕ್ಕೆ, ಬೇರೆಯವರಲ್ಲಿ ಒಬ್ಬರು ಗೆದ್ದು ಮಿಕ್ಕ ಇಬ್ಬರಲ್ಲಿ ನೀವು ಮೇಲಿರಬೇಕು, ಅದು ಮೂರರಲ್ಲಿ ಒಂದು. ಮೂರನೇ ಸ್ಥಾನ ಆರರಲ್ಲಿ ಒಂದು. 50ರ ಅರ್ಧ 25, 30ರಲ್ಲಿ ಮೂರನೇ ಒಂದು ಭಾಗ 10, 20ರಲ್ಲಿ ಆರನೇ ಒಂದು ಭಾಗ 3.33. ಕೂಡಿದರೆ 38.33.

ಚಿಪ್ಸ್ ಎರಡು ಪಟ್ಟು ಆಯ್ತು, ಪಾಯಿಂಟು 25ರಿಂದ 38ಕ್ಕೆ ಮಾತ್ರ ಹೋಯ್ತು. ಸೋತರೆ ಮಾತ್ರ 25ಕ್ಕೆ 25 ಪೂರ್ತಿ ಹೋಗುತ್ತೆ. ಹೊರಗೆ ಹೋದವರ 25 ಪಾಯಿಂಟಲ್ಲಿ ಗೆದ್ದವರಿಗೆ ಸಿಕ್ಕಿದ್ದು 13.33. ಉಳಿದದ್ದು ಏನೂ ಮಾಡದೆ ಸುಮ್ಮನೆ ಕೂತಿದ್ದ ಇಬ್ಬರಿಗೆ ಹಂಚಿಹೋಯ್ತು. ಪಿಬಿ ಸರ್ ಹೇಳಿದ ಮಾತಿನ ಲೆಕ್ಕ ಇದೇ.

ಹಂಗಾಗಿ ಕಾಲ್ ಮಾಡೋಕೆ ಬೇಕಾದ ಗೆಲುವಿನ ಸಾಧ್ಯತೆ 25 ಭಾಗಿಸು 38.33, ಅಂದ್ರೆ 65 ಶೇಕಡಾ. ನಿಮ್ಮದು ದೊಡ್ಡ ಬ್ಲೈಂಡ್ ಆದ್ದರಿಂದ 200 ಆಗಲೇ ಒಳಗಿದೆ. ಬಿಟ್ಟರೆ 3175 ಉಳಿಯುತ್ತೆ, ಅದರ ಬೆಲೆ ಸುಮಾರು 24 ಪಾಯಿಂಟು. ಆಗ ಬೇಕಾದ್ದು 63 ಶೇಕಡಾದ ಹತ್ರ.

ಬೇರೆ ಬಣ್ಣದ ಎಕ್ಕ-ರಾಣಿ, ಯಾವುದೇ ಎರಡು ಎಲೆಯ ಎದುರು ಗೆಲ್ಲೋದು 64 ಶೇಕಡಾ. ಅಂದ್ರೆ ಎದುರಿನವರು ಎರಡು-ಏಳು ಸಿಕ್ಕರೂ ತಳ್ಳೋರು ಅಂತ ಖಾತ್ರಿ ಇದ್ರೆ ಮಾತ್ರ ಕೂದಲೆಳೆಯಲ್ಲಿ ಕಾಲ್ ಸರಿ. ಅವರು ಒಳ್ಳೆ ಅರ್ಧ ಎಲೆಗಳಲ್ಲಿ ಮಾತ್ರ ತಳ್ಳುತ್ತಾರೆ ಅಂದ್ರೆ ನಿಮ್ಮ ಸಾಧ್ಯತೆ 60ರ ಆಸುಪಾಸಿಗೆ ಇಳಿಯುತ್ತೆ, ಆಗ ಬಿಡಬೇಕು. ಎಲೆ ಬಿಚ್ಚಿದ ಮೇಲೆ ಮುಂದಿದ್ದೆ ಅನ್ನೋದು ನಿಜ. ಆದರೆ 50 ದಾಟಿದ್ರೆ ಸಾಲದು, 63 ದಾಟಬೇಕಿತ್ತು.

ಕೋಟೆ_ಹಿಂದ್ಗಡೆ:

ಮೇಡಂ, ಲೆಕ್ಕ ಅರ್ಥ ಆಯ್ತು, ಧನ್ಯವಾದ. ಆದ್ರೆ ಎಕ್ಕ-ರಾಣಿ ಬಿಡು ಅಂದ್ರೆ ಕೈ ಬರಲ್ಲ. ಹಂಗಾದ್ರೆ ಯಾವ ಎಲೆಗೆ ಕಾಲ್ ಮಾಡೋದು?

ಲೆಕ್ಕದ_ಮೇಡಂ:

ಯಾವುದೇ ಎರಡು ಎಲೆಯ ಎದುರು ಲೆಕ್ಕ ಹೀಗಿದೆ: ಆರರ ಜೋಡಿ 63, ಏಳರ ಜೋಡಿ 66, ಎಂಟರ ಜೋಡಿ 69, ಹತ್ತರ ಜೋಡಿ 75, ಎಕ್ಕದ ಜೋಡಿ 85. ಬೇರೆ ಬಣ್ಣದ ಎಕ್ಕ-ರಾಜ 65. ಎಕ್ಕ-ಒಂಬತ್ತು 61 ಮಾತ್ರ. ನೋಡಲು ಸಾದಾ ಅನ್ನಿಸೋ ಏಳರ ಜೋಡಿ ಈ ಜಾಗದಲ್ಲಿ ಎಕ್ಕ-ರಾಣಿಗಿಂತ ಮೇಲು. ಎದುರಿನವರು ಎಷ್ಟು ಬಿಗಿ ಆಡ್ತಾರೋ ಅಷ್ಟು ಮೇಲಿನ ಜೋಡಿಗಳಿಗೆ ಹೋಗಿ.

ಚಳ್ಳಕೆರೆ_ಗೇಟ್ (ಚಿತ್ರದುರ್ಗ):

ಅಂದ್ರೆ ಒಂಬತ್ತು-ಎಂಟು ತಳ್ಳಿದ ಪುಣ್ಯಾತ್ಮ ಮಾಡಿದ್ದೇ ಸರಿ ಅಂತಾಯ್ತಲ್ಲ?

ಪಿಬಿ_ರಸ್ತೆ:

ಸರೀನೇ. ಇಡೀ ಚರ್ಚೆಯಲ್ಲಿ ಎಲ್ಲರೂ ಗಮನಿಸಬೇಕಾದ ಜಾಗ ಇದು. ತಳ್ಳಿದವನಿಗೆ ಗೆಲ್ಲೋಕೆ ಎರಡು ದಾರಿ: ಎದುರಿನವನು ಬಿಡಬಹುದು, ಅಥವಾ ಕಾಲ್ ಮಾಡಿದ್ರೂ ಎಲೆ ಬೀಳಬಹುದು. ಕಾಲ್ ಮಾಡಿದವನಿಗೆ ಒಂದೇ ದಾರಿ. ಮೇಡಂ ಲೆಕ್ಕದ ಪ್ರಕಾರ ಎದುರಿನವನು ಬಹುತೇಕ ಎಲೆ ಬಿಡಲೇಬೇಕು ಅಂದ್ರೆ, ತಳ್ಳೋನಿಗೆ ಹೆಚ್ಚಿನ ಸಲ 300 ಚಿಪ್ಸ್ ಜಗಳವಿಲ್ಲದೆ ಸಿಗುತ್ತೆ.

ಅದಕ್ಕೇ ನಾನು ಹೇಳೋದು: ನಾಲ್ಕು ಜನ ಇದ್ದಾಗ ಧೈರ್ಯ ತೋರಿಸಬೇಕಾದ್ದು ತಳ್ಳೋದರಲ್ಲಿ, ಕಾಲ್ ಮಾಡೋದರಲ್ಲಿ ಅಲ್ಲ. ನಮ್ಮ ಟೇಬಲ್ಲಲ್ಲಿ ಹೆಚ್ಚಿನವರು ಇದನ್ನ ಉಲ್ಟಾ ಮಾಡ್ತಾರೆ. ಬ್ಲೈಂಡ್ ಹೋಗ್ತಾ ಹೋಗ್ತಾ ಸುಮ್ಮನಿದ್ದು, ಯಾರಾದ್ರೂ ತಳ್ಳಿದಾಗ ಎಕ್ಕ-ಒಂಬತ್ತು ಹಿಡ್ಕೊಂಡು "ನೋಡೇಬಿಡೋಣ" ಅಂತಾರೆ.

1600 ಚಿಪ್ಸ್ ಇದೆ, ಬ್ಲೈಂಡ್ 100/200. ಎಂಟು ದೊಡ್ಡ ಬ್ಲೈಂಡ್. ಇಲ್ಲಿ ಬೆಟ್‌ನ 500ಕ್ಕೆ ಏರಿಸಿ (ರೈಸ್) ಆಮೇಲೆ ಬಿಡೋ ಆಟ ಆಡಲೇಬೇಡಿ, ಮೂರನೇ ಒಂದು ಭಾಗ ಹೋಗುತ್ತೆ. ಹತ್ತು-ಹನ್ನೆರಡು ದೊಡ್ಡ ಬ್ಲೈಂಡ್‌ಗಿಂತ ಕೆಳಗೆ ಬಂದ ಮೇಲೆ ಇರೋದು ಎರಡೇ: ತಳ್ಳು, ಇಲ್ಲ ಬಿಡು. ನಿಮಗಿಂತ ಮುಂಚೆ ಯಾರೂ ಪಾಟ್‌ಗೆ ಬಂದಿರಬಾರದು, ಅದು ಮೊದಲ ಷರತ್ತು. 1600 ಇದ್ದವನಿಗೆ ಆ 300 ಸಿಕ್ಕರೆ ರಾಶಿ ಹತ್ತೊಂಬತ್ತು ಶೇಕಡಾ ಬೆಳೆಯುತ್ತೆ, ಎಲೆ ಬಿಚ್ಚದೇನೇ. ಮೂರು-ನಾಲ್ಕು ಬ್ಲೈಂಡ್‌ಗೆ ಇಳಿಯೋವರೆಗೆ ಒಳ್ಳೆ ಎಲೆಗೆ ಕಾಯೋದು ಅಂದ್ರೆ ಮಳೆ ಬಂದ ಮೇಲೂ ಬಿತ್ತನೆ ಬೀಜ ಚೀಲದಲ್ಲೇ ಇಟ್ಕೊಂಡು ಕೂತಂಗೆ. ಆಮೇಲೆ ನೀವು ತಳ್ಳಿದ್ರೂ ಯಾರೂ ಹೆದರಲ್ಲ, ಎಲ್ಲರೂ ಕಾಲ್ ಮಾಡ್ತಾರೆ.

ಚಳ್ಳಕೆರೆ_ಗೇಟ್:

ಒಂದು ಮಾತು ಸೇರಿಸ್ತೀನಿ ಸರ್. ನಿಮ್ಮ ಲೆಕ್ಕ ಎಲೆ ಬಿಡೋ ಜನರ ಎದುರು ಸರಿ. ಪುಕ್ಕಟೆ ಚಿಪ್ಸಿನ ಸಾರ್ವಜನಿಕ ಟೇಬಲ್‌ಗಳಲ್ಲಿ ಯಾರೂ ಬಿಡಲ್ಲ, ಬಾಟಮ್ ಜೋಡಿ (ಬೋರ್ಡ್‌ನ ಅತಿ ಸಣ್ಣ ಎಲೆಯ ಜೋಡಿ) ಹಿಡ್ಕೊಂಡು ಕೊನೆವರೆಗೂ ಬರ್ತಾರೆ. ಅಲ್ಲಿ ಬ್ಲಫ್ ಹಾಕೋದು ದಂಡ. ಒಳ್ಳೆ ಎಲೆ ಬಂದಾಗ ದೊಡ್ಡ ಬೆಟ್ ಹಾಕಬೇಕು, ಇಲ್ಲದಿದ್ರೆ ಸುಮ್ಮನಿರಬೇಕು. ನಮ್ಮ ಗುಂಪಿನಲ್ಲೇ ಇಬ್ಬರು ಹಂಗಿದ್ದಾರೆ, ಹೆಸರು ಬೇಡ. ಅವರು ದೊಡ್ಡ ಬ್ಲೈಂಡ್‌ನಲ್ಲಿದ್ದಾಗ ನಾನು ಒಂಬತ್ತು-ಎಂಟು ತಳ್ಳಲ್ಲ, ಎಕ್ಕ-ಹತ್ತು ತಳ್ಳುತ್ತೀನಿ.

ಪಿಬಿ_ರಸ್ತೆ:

ನೂರಕ್ಕೆ ನೂರು ಸರಿ. ತಳ್ಳೋ ಮುಂಚೆ ಕೈಲಿರೋ ಎಲೆಗಿಂತ ಮೊದಲು ನಿಮ್ಮ ನಂತರ ಆಡೋ ಸೀಟುಗಳಲ್ಲಿ ಯಾರಿದ್ದಾರೆ, ಅವರ ಹತ್ರ ಎಷ್ಟಿದೆ ನೋಡಿ. ಎಲ್ಲರಿಗಿಂತ ದೊಡ್ಡ ರಾಶಿ ಇರೋನು ನಿಮ್ಮನ್ನ ಕಾಲ್ ಮಾಡಿ ಸೋತರೂ ಆಟದಲ್ಲೇ ಉಳೀತಾನೆ, ಅವನಿಗೆ ಭಯ ಕಮ್ಮಿ. ಮಧ್ಯಮ ರಾಶಿ ಇರೋರು ಮಾತ್ರ ನಿಜವಾಗಿ ಬಿಗಿಯಾಗಿ ಕೂರ್ತಾರೆ, ಅದರಲ್ಲೂ ಮೂಲೆಯಲ್ಲಿ ಒಬ್ಬ ಒಂದೇ ಬ್ಲೈಂಡ್ ಇಟ್ಕೊಂಡು ಸಾಯೋ ಹಂತದಲ್ಲಿದ್ರೆ. ನಿಮ್ಮದೇ ದೊಡ್ಡ ರಾಶಿ ಆಗಿದ್ರೆ ಆ ಮಧ್ಯಮದವರ ಬ್ಲೈಂಡ್‌ಗೆ ಕೈ ಹಾಕ್ತಾ ಇರಿ. ನಿಮ್ಮದೇ ಮಧ್ಯಮ ರಾಶಿ ಆಗಿದ್ರೆ ದೊಡ್ಡವನ ತಂಟೆಗೆ ಹೋಗಬೇಡಿ, ಆ ಒಂದು ಬ್ಲೈಂಡ್‌ನವನು ಮೊದಲು ಹೋಗಲಿ.

ಹೊಳಲ್ಕೆರೆ_ರಸ್ತೆ (ಚಿತ್ರದುರ್ಗ):

ನಾನು ಈ ಗುಂಪಿನಲ್ಲಿ ವಯಸ್ಸಿನಲ್ಲಿ ಹಿರಿಯ. ಆಟದ ಮಾತು ಚೆನ್ನಾಗಿ ನಡೀತಿದೆ, ಮಧ್ಯ ಬರ್ತಿರೋದಕ್ಕೆ ಬೇಸರ ಬೇಡ. ಹೊಸ ಹುಡುಗರು ಓದ್ತಿದ್ದಾರೆ ಅಂತ ಹೇಳ್ತಿದೀನಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ, ದುಡ್ಡು ಗೆಲ್ಲೋ ಆಸೆಯಲ್ಲಿ ಆಡೋ ಆನ್‌ಲೈನ್ ಆಟ ನಡೆಸೋದು ನಿಷೇಧ. ಚಾತುರ್ಯದ ಆಟವೋ ಅದೃಷ್ಟದ ಆಟವೋ ಅನ್ನೋ ಭೇದ ಆ ಕಾಯ್ದೆಯಲ್ಲಿಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ ಇದೆ. ಬ್ಯಾಂಕುಗಳು ಅಂಥ ಹಣ ಸಾಗಿಸೋ ಹಾಗಿಲ್ಲ. 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟು ಆನ್‌ಲೈನ್ ಪಣದ ಆಟ ನಿಷೇಧಿಸಿದ್ದ ರಾಜ್ಯದ ತಿದ್ದುಪಡಿಯನ್ನ ರದ್ದು ಮಾಡಿತ್ತಲ್ಲ ಅಂತ ಕೆಲವರು ವಾದ ಮಾಡ್ತಾರೆ. ಅದು ರಾಜ್ಯದ ಕಾಯ್ದೆ, ಇದು ಕೇಂದ್ರದ್ದು.

ನನ್ನ ತಂಗಿ ಮಗ ಒಂದು ಆ್ಯಪ್‌ನಲ್ಲಿ ಆಡಿ ಮನೆ ಕಟ್ಟೋಕೆ ಇಟ್ಟಿದ್ದ ದುಡ್ಡು ಕಳೆದ. ಚೆನ್ನಾಗಿ ಆಡೋನೇ, ಲೆಕ್ಕ ಗೊತ್ತಿದ್ದೋನೇ. ಸೋತ ರಾತ್ರಿ ಮಲಗದೆ ಮತ್ತೆ ದುಡ್ಡು ಹಾಕೋನು. ಯಾರಿಗೂ ಹೇಳದೆ ಸಾಲ ಮಾಡಿದ. ನಮಗೆ ಗೊತ್ತಾಗಿದ್ದು ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದಾಗ. ಈಗ ದುಡಿದು ತೀರಿಸ್ತಿದ್ದಾನೆ. ಇಲ್ಲಿ ಕಲಿತ ಎಕ್ಕ-ರಾಜದ ಲೆಕ್ಕ ಹಿಡ್ಕೊಂಡು ಯಾವ ಹುಡುಗನೂ ವಿಪಿಎನ್ ಹಾಕಿ ಹೊರದೇಶದ ಸೈಟಿಗೆ ಹೋಗಬಾರದು ಅಂತ ಕೈ ಮುಗಿದು ಕೇಳ್ಕೊತೀನಿ. ಮನೆಯಲ್ಲಿ ಯಾರಾದ್ರೂ ಈ ಸುಳಿಗೆ ಸಿಕ್ಕಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟಗಳ ಗೀಳಿಗೆ ಅಂತಲೇ ಶಟ್ ಕ್ಲಿನಿಕ್ ಇದೆ.

ಎಂಸಿಸಿ_ಬ್ಲಾಕ್:

ಸರ್, ಓದಿ ಮನಸ್ಸಿಗೆ ತಟ್ಟಿತು. ನಮ್ಮ ಹಾಸ್ಟೆಲ್‌ನಲ್ಲೂ ಇಂಥವರನ್ನ ನೋಡಿದೀನಿ. ಒಂದು ಕೇಳ್ಲಾ? ಕೊನೆಗೆ ಬಂದವನು ಎಲ್ಲರಿಗೂ ಬೆಣ್ಣೆದೋಸೆ ಕೊಡಿಸಬೇಕು ಅಂತ ಇಟ್ಕೊಂಡ್ರೆ ಪರವಾಗಿಲ್ವಾ?

ಪಿಬಿ_ರಸ್ತೆ:

ಬೇಡ. ಕಾಯ್ದೆಯಲ್ಲಿ ದುಡ್ಡಿನ ಜೊತೆ ಬೇರೆ ಪಣಗಳ ಮಾತೂ ಇದೆ, ಅದರ ಹತ್ರ ಹೋಗೋದೇ ಬೇಡ. ತಿಂಗಳ ಕೊನೆಗೆ ಸೇರಿದಾಗ ದೋಸೆ ಬಿಲ್ಲು ಎಲ್ಲರೂ ಸಮ ಹಂಚ್ಕೊಳ್ಳೋದು, ಪಾಯಿಂಟಿಗೂ ಅದಕ್ಕೂ ಸಂಬಂಧ ಇಲ್ಲ. ಹೊಳಲ್ಕೆರೆ ಸರ್, ನೀವು ಬರೆದದ್ದನ್ನ ಗುಂಪಿನ ಮೊದಲ ಪುಟದಲ್ಲಿ ಹಾಕ್ತೀನಿ, ಒಪ್ಪಿಗೆ ಇದ್ರೆ.

ಹೊಳಲ್ಕೆರೆ_ರಸ್ತೆ:

ಹಾಕಿ, ಧಾರಾಳವಾಗಿ.

ಕೋಟೆ_ಹಿಂದ್ಗಡೆ:

ಮೇಡಂಗೆ ಇನ್ನೊಂದು ಪ್ರಶ್ನೆ. ಮೂರು ಜನ ಆದ ಮೇಲೂ ಇದೇ 65ರ ಲೆಕ್ಕಾನಾ?

ಲೆಕ್ಕದ_ಮೇಡಂ:

ಇಲ್ಲ, ಬಹಳ ಬದಲಾಗುತ್ತೆ. ಮೂರು ಜನ ಆದ ಕೂಡಲೇ ಎಲ್ಲರಿಗೂ 20 ಪಾಯಿಂಟು ಕೈಗೆ ಬಂದಂಗೆ. ಹಂಚೋಕೆ ಉಳಿದಿದ್ದು 40. ಅದರಲ್ಲಿ ಗೆದ್ದವರಿಗೆ 30, ಎರಡನೆಯವರಿಗೆ 10. ಮೊದಲನೇ ಸ್ಥಾನದ ತೂಕ ಒಮ್ಮೆಲೇ ಜಾಸ್ತಿ ಆಗೋದ್ರಿಂದ ಕಾಲ್ ಮಾಡೋಕೆ ಬೇಕಾದ ಸಾಧ್ಯತೆ 50ರ ಕಡೆಗೆ ಇಳಿಯುತ್ತೆ. ನೀವು ಮೊದಲು ಹೇಳಿದಿರಲ್ಲ, ಹೆದರಿ ಕೂತೋನು ಮೂರನೇ ಸ್ಥಾನಕ್ಕೇ ನಿಲ್ತಾನೆ ಅಂತ, ಅದು ಈ ಹಂತಕ್ಕೆ ಪೂರ್ತಿ ನಿಜ. ಇಬ್ಬರೇ ಉಳಿದಾಗಂತೂ ಚಿಪ್ಸ್ ಅಂದ್ರೆ ಚಿಪ್ಸೇ, ಅರ್ಧಕ್ಕಿಂತ ಜಾಸ್ತಿ ಸಾಧ್ಯತೆ ಇದ್ರೆ ಕಾಲ್. ಗೆದ್ದವರಿಗೇ ನೂರು ಪಾಯಿಂಟು ಅನ್ನೋ ನಿಯಮ ಇದ್ದಿದ್ರೆ ಶುರುವಿನಿಂದಲೂ ಹಾಗೇ ಆಡಬಹುದಿತ್ತು.

ಎಂಸಿಸಿ_ಬ್ಲಾಕ್:

ಇಬ್ಬರೇ ಉಳಿದಾಗ ಎಕ್ಕಾನೋ ಜೋಡಿನೋ ಬರೋವರೆಗೆ ಕಾಯ್ತೀನಿ, ಅಷ್ಟರಲ್ಲಿ ಚಿಪ್ಸ್ ಎಲ್ಲ ಖಾಲಿ.

ಚಳ್ಳಕೆರೆ_ಗೇಟ್:

ಕಾಯಬೇಡ ತಮ್ಮಾ. ಜೋಡಿ ಬರೋದೇ ಹದಿನೇಳು ಸಲಕ್ಕೆ ಒಂದು ಸಲ. ಒಂಬತ್ತು ಜನರ ಮಧ್ಯೆ ಕಸ ಅನ್ನಿಸೋ ರಾಜ-ಆರು ಇಬ್ಬರ ಆಟದಲ್ಲಿ ಒಳ್ಳೆ ಎಲೆ. ಬಟನ್ ನಿನ್ನ ಹತ್ರ ಇದ್ದಾಗ ಸಣ್ಣ ಬ್ಲೈಂಡೂ ನಿನ್ನದೇ, ಫ್ಲಾಪ್‌ಗೆ ಮುಂಚೆ ಮೊದಲ ನಡೆ ನಿನ್ನದು, ಫ್ಲಾಪ್ ಆದ ಮೇಲೆ ಕೊನೆಯ ನಡೆ ನಿನ್ನದು. ಆ ಸೀಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎಲೆ ಆಡು.

ಕೋಟೆ_ಹಿಂದ್ಗಡೆ:

ಪಿಬಿ ಅಣ್ಣಾ, ಕೊನೆಯದಾಗಿ ಒಂದು ಮನವಿ. ಬ್ಲೈಂಡ್ ಐದು ನಿಮಿಷಕ್ಕೆ ಏರ್ತಿದೆ. ಒಂದು ಹಂತದಲ್ಲಿ ಎಲ್ಲರಿಗೂ ಒಂದೊಂದು ಸಲ ಬಟನ್ ಬರೋಕೂ ಮುಂಚೆ ಮುಂದಿನ ಹಂತ ಬಂದಿರುತ್ತೆ. ಇಷ್ಟು ಬೇಗ ಏರಿದ್ರೆ ಎಲ್ಲರೂ ತಳ್ಳೋದೇ ಆಗುತ್ತೆ, ನೀವು ಹೇಳಿದ ಶುರುವಿನ ತಾಳ್ಮೆ ಆಟಕ್ಕೆ ಜಾಗಾನೇ ಇರಲ್ಲ.

ಪಿಬಿ_ರಸ್ತೆ:

ನ್ಯಾಯವಾದ ಮಾತು. ಈ ಭಾನುವಾರದಿಂದ ಹತ್ತು ನಿಮಿಷ ಮಾಡ್ತೀನಿ. ಆಟ ತಡ ಆಗೋದ್ರಿಂದ ಒಂಬತ್ತಕ್ಕೆ ಬದಲು ಎಂಟೂವರೆಗೆ ಶುರು. ಕರೆಂಟು ಹೋಗಿ ವೈಫೈ ನಿಂತರೆ ಸಾಫ್ಟ್‌ವೇರ್ ನಿಮ್ಮ ಎಲೆ ತಾನೇ ಬಿಟ್ಟು ಬ್ಲೈಂಡ್ ಕಟ್ ಮಾಡ್ತಾ ಹೋಗುತ್ತೆ, ಆದ್ದರಿಂದ ಮೊಬೈಲ್ ಡೇಟಾ ರೆಡಿ ಇಟ್ಕೊಳ್ಳಿ. ಎರಡು ಸೀಟು ಖಾಲಿ ಇದೆ, ಬರೋರು ಶನಿವಾರ ಸಂಜೆ ಒಳಗೆ ಹೇಳಿ.